ಹಳೇ ಹಾಡನ್ನು ಇದ್ದಂಗೆ ಹಾಡೋದಾ, ತಿರುಗಿಸಿ ಹಾಡೋದಾ? (ಹರಿಹರದ ತಮ್ಮನ ಪ್ರಶ್ನೆಗೆ)

ತಮ್ಮಾ, ನಿನ್ನ ಪ್ರಶ್ನೆಯನ್ನು ಬೆಳಿಗ್ಗೆನೇ ನೋಡಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಈಗ ಶಟರ್ ಅರ್ಧ ಎಳೆದು ಕೂತು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡ.

ನೀನು ಕೇಳಿದ್ದು ಇಷ್ಟು. ನೀವು ನಾಲ್ಕು ಜನ: ಗಿಟಾರ್, ಕಹೋನ್ (ಮೇಲೆ ಕೂತು ಕೈಯಲ್ಲಿ ಬಾರಿಸುವ ಮರದ ಡಬ್ಬಿ), ಕೊಳಲು, ಹಾಡೋಕೆ ನಿನ್ನ ತಂಗಿ. ರಾಜ್ಯೋತ್ಸವಕ್ಕೆ ದಾವಣಗೆರೆಯಲ್ಲಿ 20 ನಿಮಿಷ ಸಿಕ್ಕಿದೆ. ‘ನಾಗರಹಾವು’ ಚಿತ್ರದ ಓಬವ್ವನ ಹಾಡು, ಷರೀಫರ ಒಂದು ತತ್ವಪದ ಮಾಡಬೇಕು ಅಂತಿದ್ದೀರಿ. ಹಿರಿಯರೊಬ್ಬರು "ಇದ್ದದ್ದನ್ನ ಇದ್ದಂಗೆ ಹಾಡ್ರಿ, ಕೆಡಿಸಬೇಡ್ರಿ" ಅಂದರು. ಗಿಟಾರ್ ಹುಡುಗ "ಕಾಪಿ ಹೊಡೆಯೋಕೆ ನಾವ್ಯಾಕೆ, ಕರೋಕೆ ಹಾಕಿದ್ರೆ ಸಾಕಲ್ಲ" ಅಂದ. ಇಬ್ಬರೂ ಸರಿ ಅನ್ನಿಸಿ ನಿನಗೆ ತಲೆ ಕೆಟ್ಟಿದೆ. ಕೆಳಗೆ ಉತ್ತರ ಬರೆದವರೂ ಎರಡು ಪಾರ್ಟಿ ಆಗಿ ಜಗಳ ಆಡಿದ್ದಾರೆ.

ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸಿದ ಮೇಲೆ ನನಗೆ ಗೊತ್ತಾದದ್ದು ಹೇಳುತ್ತೇನೆ. ಮೊದಲು ಪೂರ್ತಿ ಕಾಪಿ ಹೊಡಿ. ಒಂದೊಂದು ಸ್ವರ, ಒಂದೊಂದು ಉಸಿರು ಬಿಡದ ಹಾಗೆ. ಹೊಡೆಯುತ್ತಾ ಹೋದರೆ ಒಂದು ಕಡೆ ನಿನ್ನ ಕೈಲಿ ಆಗೋದಿಲ್ಲ. ನಿನ್ನ ಹತ್ತಿರ ಪಿಟೀಲಿನ ತಂಡ ಇಲ್ಲ. ತಂಗಿಗೆ ಆ ಕೆಳಗಿನ ಸ್ವರ ಸಿಗೋದಿಲ್ಲ. ಬದಲಾಯಿಸಬೇಕಾದ ಜಾಗ ಅದೇ, ಅಲ್ಲಿ ಮಾತ್ರ ಕೈ ಹಾಕು. ಆಗುವ ಕಡೆ ಸುಮ್ನೆ ಇರು. ನಾವು ಇದನ್ನು ಉಲ್ಟಾ ಮಾಡಿ ಒಂದು ಸಲ ಚೆನ್ನಾಗಿ ಉಗಿಸಿಕೊಂಡಿದ್ದೇವೆ.

ಚಿತ್ರದುರ್ಗದ ಕಡೆ ಒಂದು ಹಳ್ಳಿ, ಗಣಪತಿ ಪೆಂಡಾಲು. ನಮಗೆ ಆಗ ಹೊಸದು ಮಾಡುವ ಹುಚ್ಚು. ಓಬವ್ವನ ಹಾಡನ್ನೇ ತೆಗೆದುಕೊಂಡು, ವೇಗ ಅರ್ಧ ಇಳಿಸಿ, ಕೆಳಗೆ ಜಾಜ್ ಥರದ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಾಸಿ, ಮೆತ್ತಗೆ ಉಸಿರಿನಲ್ಲಿ ಹಾಡಿಸಿದೆವು. ಪ್ರಾಕ್ಟೀಸ್‌ನಲ್ಲಿ ನಮಗೆ ನಾವೇ ಭಲೇ ಅಂದುಕೊಂಡಿದ್ದೆವು. ಅಲ್ಲಿ ಹಾಡು ಮುಗಿದಾಗ ಚಪ್ಪಾಳೆಯೇ ಇಲ್ಲ. ಮುಂದೆ ಕೂತಿದ್ದ ಅಜ್ಜ ಒಬ್ಬರು ಎದ್ದು ಬಂದು ಕೇಳಿದರು: "ಏನ್ರಪ್ಪಾ, ಓಬವ್ವ ಒನಕೆ ಹಿಡ್ಕಂಡು ಬಂದ್ಲೋ, ಜೋಗುಳ ಹಾಡಾಕೆ ಬಂದ್ಲೋ?"

ಆ ಮಾತು ಇನ್ನೂ ಕಿವಿಯಲ್ಲಿದೆ. ಅದು ಕಥೆ ಹೇಳುವ ಹಾಡು. 1972ರ ಚಿತ್ರ, ವಿಜಯಭಾಸ್ಕರ್ ಸಂಗೀತ, ಪಿ.ಬಿ. ಶ್ರೀನಿವಾಸ್ ದನಿ. ಕಿಂಡಿಯಿಂದ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತಲೆ ತೂರಿಸುವುದು, ಇವಳು ಒನಕೆ ಬೀಸುವುದು. ಆ ಘಟನೆ ಒಂದಾದ ಮೇಲೊಂದು ಓಡಬೇಕು. ಪಿಬಿಎಸ್ ದನಿ ಎಷ್ಟು ಮೆದು ಅಂತ ಎಲ್ಲರಿಗೂ ಗೊತ್ತು, ಆದರೂ ಆ ಹಾಡು ಜೋಲುವುದಿಲ್ಲ. ಮೆದು ದನಿಯನ್ನು ಹೊತ್ತುಕೊಂಡು ಹೋಗುವುದು ತಾಳ. ನಾವು ಆ ತಾಳವನ್ನೇ ತೆಗೆದು ಹಾಕಿದ್ದೆವು. ಅದೂ ಎಲ್ಲಿ? ಕೋಟೆ ಪಕ್ಕದ ಊರಲ್ಲಿ, ಕಿಂಡಿಯನ್ನು ಕಣ್ಣಾರೆ ನೋಡಿ ಬೆಳೆದ ಜನರ ಮುಂದೆ! ಬುದ್ಧಿ ಇರಲಿಲ್ಲ ಅಷ್ಟೇ.

ಹಾಗಾದರೆ ನಿನ್ನ ತಂಗಿ ಅದನ್ನು ಹಾಡಬಾರದೇ? ಖಂಡಿತ ಹಾಡಬೇಕು. ಹೆಣ್ಣುಮಗಳು ಓಬವ್ವನ ಕಥೆ ಹೇಳುವುದೇ ಒಂದು ದೊಡ್ಡ ಬದಲಾವಣೆ, ಬೇರೆ ಜಾಣತನ ಬೇಕಾಗಿಲ್ಲ. ಆದರೆ ಶ್ರುತಿ ಏರಿಸಲೇಬೇಕು. ಗಂಡಸರು ಕರಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಹಾಡಿದರೆ ಹೆಂಗಸರಿಗೆ ಸಾಮಾನ್ಯವಾಗಿ ಕರಿ ನಾಲ್ಕು, ಕರಿ ಐದರ ಆಸುಪಾಸು ಹಿಡಿಸುತ್ತದೆ. ಪಲ್ಲವಿ ಹಾಡಿಸಿ ಶ್ರುತಿ ಗೊತ್ತು ಮಾಡಬೇಡ. ಚರಣದಲ್ಲಿ ಎಲ್ಲಕ್ಕಿಂತ ಮೇಲಿನ ಸ್ವರ ಯಾವುದು ಅಂತ ಹುಡುಕು, ಅದನ್ನು ಹತ್ತು ಸಲ ಹಾಡಿಸು. ಹತ್ತನೇ ಸಲವೂ ಕಿರುಚದೆ ಬಂದರೆ ಆ ಶ್ರುತಿ ಸರಿ. ಸಂಜೆ ಹೊತ್ತು, ನಾಲ್ಕು ಹಾಡು ಆದಮೇಲೆ ನೋಡು. ಬೆಳಗಿನ ಗಂಟಲನ್ನು ನಂಬಬೇಡ.

ಶ್ರುತಿ ಬದಲಾದ ತಕ್ಷಣ ಮೊದಲು ಹೇಳಬೇಕಾದದ್ದು ಕೊಳಲಿನವರಿಗೆ. ಶ್ರುತಿ ಬದಲಾಯಿಸೋಕೆ ನಿಮ್ಮ ಗಿಟಾರಿಗೆ ಕ್ಯಾಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಇದೆ, ನನ್ನ ಕೀಬೋರ್ಡಿಗೆ ಟ್ರಾನ್ಸ್‌ಪೋಸ್ ಬಟನ್ ಇದೆ, ಬಿದಿರಿಗೆ ಏನಿದೆ? ಅವರು ಬೇರೆ ಕೊಳಲನ್ನೇ ತರಬೇಕು. ಒಂದು ಮದುವೆ ಆರತಕ್ಷತೆಯಲ್ಲಿ ನಾನು ಒಂದು ಹಾಡಿಗೆ ಟ್ರಾನ್ಸ್‌ಪೋಸ್ ಮೈನಸ್ ಮೂರು ಇಟ್ಟು, ಮುಗಿದ ಮೇಲೆ ವಾಪಸ್ ಸೊನ್ನೆಗೆ ತರುವುದು ಮರೆತೆ. ಮುಂದಿನ ಹಾಡಿಗೆ ನನ್ನ ಕೀಬೋರ್ಡ್ ಒಂದು ಶ್ರುತಿ, ಕೊಳಲು ಇನ್ನೊಂದು ಶ್ರುತಿ. ಮದುಮಗಳೇ ತಿರುಗಿ ನೋಡಿದಳು. ಅವತ್ತಿಂದ ಆ ಬಟನ್ ಪಕ್ಕ ಕೆಂಪು ಸ್ಟಿಕರ್ ಅಂಟಿಸಿದ್ದೇನೆ.

ಈಗ ಷರೀಫರ ಪದಕ್ಕೆ ಬರೋಣ. ಇಲ್ಲಿ ನಿನ್ನ ಗಿಟಾರ್ ಹುಡುಗನ ಮಾತಿಗೆ ಜಾಸ್ತಿ ಬಲ ಇದೆ.

"ಒರಿಜಿನಲ್ ಕೆಡಿಸಬೇಡಿ" ಅನ್ನುವವರನ್ನು ಒಂದು ಮಾತು ಕೇಳು: ಯಾವುದು ಒರಿಜಿನಲ್? ನಮ್ಮಲ್ಲಿ ಬಹಳ ಜನಕ್ಕೆ ಷರೀಫರ ಪದ ಅಂದರೆ ಸಿ. ಅಶ್ವತ್ಥ್ ದನಿ. ನನಗೂ ಹಾಗೇ, ಆ ಎತ್ತರದ ದನಿಯಲ್ಲಿ ಕೇಳಿಯೇ ಬೆಳೆದವನು. 1990ರಲ್ಲಿ ಬಂದ ಷರೀಫರ ಚಿತ್ರಕ್ಕೂ ಅವರದ್ದೇ ಸಂಗೀತ. ಆದರೆ ಷರೀಫರು ಇದ್ದದ್ದು 1819ರಿಂದ 1889ರವರೆಗೆ. ಅವರು ಹಾಡಿದ್ದು ರೆಕಾರ್ಡ್ ಆಗಿಲ್ಲ. ಪದಗಳು ಉಳಿದದ್ದು ಬಾಯಿಂದ ಬಾಯಿಗೆ, ಏಕತಾರಿ ಹಿಡಿದವರಿಂದ, ಭಜನಾ ಮೇಳದವರಿಂದ. ಶಿಶುನಾಳ ನಮಗೇನು ದೂರವೇ? ಪಕ್ಕದ ಹಾವೇರಿ ಜಿಲ್ಲೆ. ಆ ಕಡೆಯ ಭಜನೆ ಕೇಳಿ ನೋಡು. ಅದೇ ಪದಕ್ಕೆ ಒಂದೊಂದು ಊರಿನಲ್ಲಿ ಒಂದೊಂದು ಧಾಟಿ ಇರುತ್ತದೆ. ಅಂದರೆ ನಾವು ಒರಿಜಿನಲ್ ಅಂತ ಕಾಯುತ್ತಿರುವುದೂ ಒಬ್ಬರು ತಮ್ಮ ಗಂಟಲಿಗೆ ಹೊಂದಿಸಿಕೊಂಡದ್ದೇ. ಅಷ್ಟು ಚೆನ್ನಾಗಿ ಹೊಂದಿಸಿಕೊಂಡರು, ಅದೇ ಮೂಲ ಅನ್ನಿಸುವಷ್ಟು. 2008ರಲ್ಲಿ ರಘು ದೀಕ್ಷಿತ್ ಗುಡುಗುಡಿಯ ಪದವನ್ನು ಬ್ಯಾಂಡ್ ಕಟ್ಟಿಕೊಂಡು ಹಾಡಿದರಲ್ಲ, ಅದರಲ್ಲಿ ಅಶ್ವತ್ಥರ ನೆರಳು ಹುಡುಕಿದರೆ ಸಿಗುವುದಿಲ್ಲ. ಆದರೆ ಪದದ ಅಕ್ಷರ ಸ್ಪಷ್ಟವಾಗಿ ಕೇಳುತ್ತದೆ. ಅಕ್ಷರ ಕೇಳಿದರೆ ತತ್ವಪದ ಕೆಡುವುದಿಲ್ಲ.

ನಮ್ಮ ಊರಿನ ರಿವಾಜೇ ಇದು. ದಾವಣಗೆರೆ ಅಂದರೆ ನಾಟಕ ಕಂಪನಿಯ ಊರು. ಚಿಂದೋಡಿ ಮನೆತನದವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಹಳೇ ನಾಟಕದ ಪುಸ್ತಕ ತೆರೆದು ನೋಡು. ಹಾಡಿನ ತಲೆಯ ಮೇಲೆ ‘ಇಂಥ ಹಾಡಿನ ಮಟ್ಟು’ ಅಂತ ಬರೆದಿರುತ್ತದೆ. ಊರಿಗೆಲ್ಲ ಗೊತ್ತಿರುವ ಮಟ್ಟನ್ನು ತೆಗೆದುಕೊಂಡು, ಅದಕ್ಕೆ ನಾಟಕದ ಮಾತು ಕೂರಿಸುವುದು. ಪದ ಹೊಸದು, ಮಟ್ಟು ಹಳೆಯದು. ಭಜನೆಯಲ್ಲಿ ಉಲ್ಟಾ, ಪದ ಹಳೆಯದು, ಧಾಟಿ ಹೊಸದು. ಎರಡನ್ನೂ ಒಟ್ಟಿಗೆ ಬದಲಾಯಿಸಿದವರು ಕಡಿಮೆ. ಬದಲಾಯಿಸಿದರೆ ಕೇಳುವವನಿಗೆ ಹಿಡಿದುಕೊಳ್ಳೋಕೆ ಏನೂ ಉಳಿಯುವುದಿಲ್ಲ, ಅಲ್ವಾ? ನೀವೂ ಅಷ್ಟೇ, ಒಂದು ಕೈ ಬಿಡುವಾಗ ಇನ್ನೊಂದರಲ್ಲಿ ಗಟ್ಟಿ ಹಿಡಿದುಕೊಳ್ಳಿ.

‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಇದೆಯಲ್ಲ. ನಮ್ಮಮ್ಮ ಶುಕ್ರವಾರ ಹಾಡುವುದು ಒಂದು ಥರ, ಭೀಮಸೇನ ಜೋಶಿ ಹಾಡಿದ್ದು ಒಂದು ಥರ, ಕರ್ನಾಟಕ ಸಂಗೀತದ ಕಛೇರಿಯಲ್ಲಿ ಇನ್ನೊಂದು. ಯಾರಾದರೂ ಜಗಳ ಆಡಿದ್ದು ನೋಡಿದ್ದೀಯಾ? ಸಿನಿಮಾ ಹಾಡಿಗೆ ಮಾತ್ರ ಈ ಪಂಚಾಯ್ತಿ, ಯಾಕೆಂದರೆ ಅಲ್ಲಿ ರೆಕಾರ್ಡು ಒಂದೇ. ಸಾವಿರ ಸಲ ಅದನ್ನೇ ಕೇಳಿದ್ದೇವೆ. ಮಧ್ಯದ ಮ್ಯೂಸಿಕ್ ಬಿಟ್ಟನ್ನೂ ಜನ ಬಾಯಲ್ಲಿ ಗುನುಗುತ್ತಾರೆ. ಅದಕ್ಕೇ ಸಿನಿಮಾ ಹಾಡಿನಲ್ಲಿ ಶುರುವಿನ ಬಿಟ್ ಮುಟ್ಟಬೇಡ. ಹತ್ತು ಪಿಟೀಲು ನುಡಿಸಿದ್ದನ್ನು ನಿಮ್ಮ ಒಂದೇ ಕೊಳಲು ನುಡಿಸಲಿ, ಪರವಾಗಿಲ್ಲ, ಸ್ವರ ಅದೇ ಇರಲಿ. ಜನ ಎರಡನೇ ಸ್ವರಕ್ಕೇ ಹಾಡನ್ನು ಗುರುತು ಹಿಡಿದು ಕೂಗುತ್ತಾರೆ. ಆಮೇಲೆ ನೀವು ಮಾಡುವ ಸಣ್ಣಪುಟ್ಟ ಬದಲಾವಣೆಯನ್ನು ಖುಷಿಯಿಂದ ಒಪ್ಪಿಕೊಳ್ಳುತ್ತಾರೆ.

ಗಿಟಾರ್ ಹುಡುಗನಿಗೆ ಎರಡು ಮಾತು, ಅವನಿಗೆ ಓದಿ ಹೇಳು. ರಾಗದ ಮೇಲೆ ಕಟ್ಟಿದ ಹಾಡಿಗೆ ಇಂಟರ್ನೆಟ್ಟಿನಲ್ಲಿ ಸಿಕ್ಕ ಕಾರ್ಡ್ ಕಣ್ಣು ಮುಚ್ಚಿ ಹಾಕಬೇಡ. ಮೋಹನ ರಾಗ ಅಂದುಕೋ. ಅದರಲ್ಲಿ ಮ ಇಲ್ಲ, ನಿ ಇಲ್ಲ. ಸಿ ಶ್ರುತಿಯಲ್ಲಿ ಹಾಡುವಾಗ ನೀನು ಎಫ್ ಕಾರ್ಡ್ ಹಿಡಿದರೆ, ಹಾಡುಗಾರ್ತಿ ಹಾಡದ ಮ ನಿನ್ನ ತಂತಿಯಿಂದ ಬರುತ್ತದೆ. ಕೇಳುವವರಿಗೆ ಕಾರಣ ಗೊತ್ತಾಗುವುದಿಲ್ಲ, ಏನೋ ಕೆಟ್ಟಿದೆ ಅನ್ನಿಸುತ್ತದೆ ಅಷ್ಟೇ. ಆ ಐದು ಸ್ವರದೊಳಗೆ ಪೂರ್ತಿ ಕೂರುವುದು ಸಿ ಮೇಜರ್, ಎ ಮೈನರ್ ಎರಡೇ. ಉಳಿದ ಕಡೆ ಸ-ಪ ಎರಡು ತಂತಿ ಮೀಟುತ್ತಾ ಇರು, ತಂಬೂರಿ ಥರ. "ಕೆಡಿಸಿದ್ರು" ಅಂತ ಹಿರಿಯರು ಬೈಯುವ ಕಡೆ ಎಷ್ಟೋ ಸಲ ಆಗಿರುವುದು ಇದೇ, ಅವರಿಗೆ ಬಿಡಿಸಿ ಹೇಳೋಕೆ ಬರುವುದಿಲ್ಲ.

ಕಹೋನ್ ಹುಡುಗನಿಗೆ ಇನ್ನೊಂದು. ನಮ್ಮ ಹಾಡು ಎಷ್ಟೋ ಕಡೆ ತಾಳದ ಪೆಟ್ಟು ಬಿದ್ದಾಗಲೇ ಶುರು ಆಗುವುದಿಲ್ಲ, ಸ್ವಲ್ಪ ಬಿಟ್ಟು ಎತ್ತಿಕೊಳ್ಳುತ್ತದೆ. ಆ ಎತ್ತುಗಡೆ ಎಲ್ಲಿ ಅಂತ ಮೊದಲು ಕೈಯಲ್ಲಿ ತಾಳ ಹಾಕಿ ಕಲಿ. ತಾಳದ ಹೊಡೆತಕ್ಕೇ ಸರಿಯಾಗಿ ಹಾಡನ್ನು ಎಳೆದು ತಂದರೆ ಪದ ಒಡೆಯುತ್ತದೆ. ನಿನ್ನ ತಂಗಿಗೂ ಇದೇ: ವೇಗ ಇಳಿಸಿದಾಗ ಗಿಡ್ಡ ಅಕ್ಷರಗಳನ್ನು ಎಳೆಯುವ ಆಸೆ ಬರುತ್ತದೆ. ಕನ್ನಡದಲ್ಲಿ ಅದು ಅಪಾಯ. ಬಳೆ ಎಳೆದರೆ ಬಾಳೆ ಆಗುತ್ತದೆ, ಮರಿ ಎಳೆದರೆ ಮಾರಿ ಆಗುತ್ತಾಳೆ. ಎಳೆಯಬೇಕಾದರೆ ದೀರ್ಘ ಇರುವ ಕಡೆ ಎಳಿ.

ಅಂದ ಹಾಗೆ, ನಿಮ್ಮನ್ನೇ ಮೊದಲು ನಾಡಗೀತೆ ಹಾಡಿ ಅಂದರೆ ಅಲ್ಲಿ ಯಾವ ಪ್ರಯೋಗವೂ ಬೇಡ. ಮೈಸೂರು ಅನಂತಸ್ವಾಮಿ ಧಾಟಿಯೋ ಅಶ್ವತ್ಥ್ ಧಾಟಿಯೋ ಅಂತ ವರ್ಷಗಟ್ಟಲೆ ಚರ್ಚೆ ಆಗಿ, 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿ, ಎರಡೂವರೆ ನಿಮಿಷ ಅಂತ ತೀರ್ಮಾನ ಮಾಡಿದೆ. ಗಡಿಯಾರ ಇಟ್ಟುಕೊಂಡು ಪ್ರಾಕ್ಟೀಸ್ ಮಾಡಿ.

ಕೊನೆಗೆ ನೀನು ಕೇಳದೇ ಇದ್ದದ್ದು, ಆದರೆ ಕೇಳಬೇಕಾಗಿದ್ದದ್ದು. ಇದನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತೀರಿ ತಾನೇ? ಹಾಡನ್ನು ಎಷ್ಟು ಬದಲಾಯಿಸಿದರೂ ಅದು ನಿಮ್ಮದಾಗುವುದಿಲ್ಲ. "ಪೂರ್ತಿ ಹೊಸದಾಗಿ ಮಾಡಿದ್ವಿ, ಕಾಪಿರೈಟ್ ಬರಲ್ಲ" ಅಂತ ಕೆಳಗೆ ಒಬ್ಬರು ಬರೆದಿದ್ದಾರೆ, ಅದು ತಪ್ಪು. ನಮ್ಮ ಕಾನೂನು ಉಲ್ಟಾ ಇದೆ. 2012ರ ತಿದ್ದುಪಡಿ ಆದಮೇಲೆ ಕವರ್ ರೆಕಾರ್ಡಿಂಗಿಗೆ (ಇರುವ ಹಾಡನ್ನೇ ಬೇರೆಯವರು ಮತ್ತೆ ಹಾಡಿ ರೆಕಾರ್ಡ್ ಮಾಡುವುದು) ಕಾಪಿರೈಟ್ ಕಾಯ್ದೆಯಲ್ಲಿ 31ಸಿ ಅಂತ ಕಲಂ ಬಂದಿದೆ. ಮೊದಲ ರೆಕಾರ್ಡ್ ಆದ ವರ್ಷ ಮುಗಿದು ಐದು ವರ್ಷ ಆಗಿರಬೇಕು. ಮುಂಚೆಯೇ ತಿಳಿಸಿ, ವರ್ಷಕ್ಕೆ ಕನಿಷ್ಠ 50,000 ಪ್ರತಿಯ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು. ಮತ್ತೆ, ತಾಂತ್ರಿಕವಾಗಿ ಬೇಕೇ ಬೇಕಾದದ್ದು ಬಿಟ್ಟರೆ, ಒಪ್ಪಿಗೆ ಇಲ್ಲದೆ ಸಾಹಿತ್ಯ ಸಂಗೀತ ತಿದ್ದುವಂತಿಲ್ಲ. ಅಂದರೆ ಕಾನೂನು ಆ ಹಿರಿಯರ ಪಾರ್ಟಿ! ನಮ್ಮಂಥವರು ಅಷ್ಟೆಲ್ಲ ಕಟ್ಟೋಕೆ ಆಗೋದಿಲ್ಲ. ಯೂಟ್ಯೂಬಿನಲ್ಲಿ ಸಾಮಾನ್ಯವಾಗಿ ಆಗುವುದು ಏನೆಂದರೆ, ಹಕ್ಕು ಇರುವ ಕಂಪನಿ ಕ್ಲೇಮ್ ಹಾಕಿ ಜಾಹೀರಾತಿನ ದುಡ್ಡು ತಾನು ತೆಗೆದುಕೊಳ್ಳುತ್ತದೆ, ಇಲ್ಲ ವಿಡಿಯೊ ತೆಗೆಸುತ್ತದೆ. ದುಡ್ಡಿನ ಆಸೆ ಇಟ್ಟುಕೊಳ್ಳದೆ ಹಾಕಿ.

ಷರೀಫರ ಪದಕ್ಕೆ ಮಾತ್ರ ದಾರಿ ಇದೆ. ಬರೆದವರು ತೀರಿಹೋಗಿ 60 ವರ್ಷ ದಾಟಿದ ಮೇಲೆ ಸಾಹಿತ್ಯಕ್ಕೆ ಕಾಪಿರೈಟ್ ಇರುವುದಿಲ್ಲ. ಷರೀಫರ ಪದಕ್ಕೆ ಆ ಲೆಕ್ಕ ಎಂದೋ ಮುಗಿದಿದೆ. ಅಶ್ವತ್ಥರು ತೀರಿಕೊಂಡದ್ದು 2009ರಲ್ಲಿ, ಅವರು ಹಾಕಿದ ಧಾಟಿಗೆ ಹಕ್ಕು ಇನ್ನೂ ಇದೆ. ಹಾಗಾಗಿ ಪದ ಷರೀಫರದ್ದು, ಧಾಟಿ ನಿಮ್ಮದೇ ಮಾಡಿಕೊಂಡರೆ ಯಾರೂ ಕೇಳುವ ಹಾಗಿಲ್ಲ. ಗಿಟಾರ್ ಹುಡುಗನ ಹುಚ್ಚನ್ನೆಲ್ಲ ಅಲ್ಲಿ ಬಿಡಿ. ಓಬವ್ವನ ಹಾಡಿನಲ್ಲಿ ಹಿರಿಯರ ಮಾತು ಕೇಳಿ.

ಗುರುವಾರ ಸಂಜೆ ಏಳಕ್ಕೆ ನಮ್ಮ ಅಂಗಡಿ ಮೇಲೆ ಪ್ರಾಕ್ಟೀಸ್ ಇರುತ್ತದೆ, ನಾಲ್ಕೂ ಜನ ಬನ್ನಿ. ಕಹೋನ್ ತರಬೇಕು, ನಮ್ಮಲ್ಲಿ ಇಲ್ಲ, ಢೋಲಕ್ ಇದೆ. ಓಬವ್ವನ ಹಾಡನ್ನು ರೆಕಾರ್ಡಿನಲ್ಲಿ ಇದ್ದ ಹಾಗೇ ಕಲಿತುಕೊಂಡು ಬನ್ನಿ, ಎಲ್ಲಿ ಕೈ ಸೋತಿತು ಅಂತ ಪೆನ್ನಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಮಂಡಕ್ಕಿ ಮಿರ್ಚಿ ನಾನು ತರಿಸುತ್ತೇನೆ, ಆದರೆ ತಂಗಿಗೆ ಹಾಡು ಮುಗಿದ ಮೇಲೆ ಮಾತ್ರ.