ಎರಡೇ ದಿನಕ್ಕೆ ತುರಿಕೆ ನಿಲ್ಲಿಸುವ ಮುಲಾಮು

ಪ್ರಶ್ನೆ: ಡಾಕ್ಟ್ರೇ, ನನಗೆ 29 ವರ್ಷ. ಆಟೊ ಓಡಿಸುತ್ತೇನೆ. ಎಂಟು ತಿಂಗಳಿಂದ ತೊಡೆ ಸಂದಿಯಲ್ಲಿ, ಸೊಂಟದ ಸುತ್ತ ಹುಳುಕಡ್ಡಿ. ಮೆಡಿಕಲ್ ಸ್ಟೋರ್‌ನಲ್ಲಿ ಕೊಟ್ಟ ಮುಲಾಮು ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತೆ. ಬಿಟ್ಟರೆ ಮತ್ತೆ ಬರುತ್ತೆ, ಮೊದಲಿಗಿಂತ ದೊಡ್ಡದಾಗಿ. ಈಗ ಹೆಂಡತಿಗೂ ಬಂದಿದೆ. ತೊಡೆಯಲ್ಲಿ ಕೆಂಪು ಗೀರು ಮೂಡಿವೆ. ರಕ್ತ ಕೆಟ್ಟಿದೆಯಾ? ಬದನೆಕಾಯಿ, ಮೀನು ಬಿಟ್ಟಿದ್ದೇನೆ.
— ಓದುಗರು, ಮಂಡ್ಯ

ಉತ್ತರ: ನಿಮ್ಮ ರಕ್ತ ಕೆಟ್ಟಿಲ್ಲ. ಬದನೆಕಾಯಿ, ಮೀನು ಎರಡನ್ನೂ ತಿನ್ನಿ. ಬಿಡಬೇಕಾದದ್ದು ಆ ಮುಲಾಮನ್ನು.

ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಇರುವುದನ್ನು ಓದಿ ನೋಡಿ. ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್ ಇವುಗಳಲ್ಲಿ ಒಂದು ಇದ್ದರೆ ಅದು ಸ್ಟೀರಾಯ್ಡ್. ಹುಳುಕಡ್ಡಿ ಬರುವುದು ಫಂಗಸ್‌ನಿಂದ. ಚರ್ಮ ಆ ಫಂಗಸ್ ಜೊತೆ ಹೋರಾಡುವಾಗ ಕೆಂಪಾಗುತ್ತದೆ, ತುರಿಸುತ್ತದೆ. ಸ್ಟೀರಾಯ್ಡ್ ಅಡಗಿಸುವುದು ಈ ಹೋರಾಟವನ್ನು. ನಿಮಗೆ ಹಾಯೆನಿಸುತ್ತದೆ, ಫಂಗಸ್ ಮಾತ್ರ ತಡೆಯಿಲ್ಲದೆ ಹಬ್ಬುತ್ತದೆ. ಆ ಕೆಂಪು ಗೀರುಗಳೂ ಹೆಚ್ಚಾಗಿ ಮುಲಾಮಿನದೇ ಕೆಲಸ. ಚರ್ಮ ತೆಳುವಾಗಿ ಒಳಗಿಂದ ಸೀಳಿದೆ. ಬಣ್ಣ ಮಾಸಬಹುದು, ಪೂರ್ತಿ ಹೋಗುವುದಿಲ್ಲ. ಇದನ್ನು ಹೇಳಲು ನನಗೆ ಬೇಸರವಾಗುತ್ತದೆ. ನನ್ನ ಹತ್ತಿರ ಬರುವ ಹುಡುಗರಲ್ಲಿ ಇಂಥ ಗೀರು ಇಲ್ಲದವರು ಕಡಿಮೆ. 2018ರಲ್ಲೇ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಿತು. ಆದರೂ ಕೇಳಿದವರಿಗೆಲ್ಲ ಸಿಗುತ್ತಿದೆ.

ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಆ ಟ್ಯೂಬನ್ನೂ ತೆಗೆದುಕೊಂಡು ಹೋಗಿ, ಮುಚ್ಚಿಡಬೇಡಿ. ಸ್ಟೀರಾಯ್ಡ್ ಹಚ್ಚಿದ ಹುಳುಕಡ್ಡಿಯ ರೂಪವೇ ಬದಲಾಗಿರುತ್ತದೆ, ನೋಡಿದ ತಕ್ಷಣ ಗುರುತಿಸುವುದು ಕಷ್ಟ. ಅಂಚಿನಿಂದ ಒಂಚೂರು ಹೊಟ್ಟು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ನೋವಾಗುವುದಿಲ್ಲ. ಇಷ್ಟು ಹರಡಿದ್ದರೆ ಬರೀ ಮುಲಾಮು ಸಾಲದು, ಮಾತ್ರೆ ಬೇಕು. ಮೊದಲು ಟರ್ಬಿನಾಫಿನ್ ಮಾತ್ರೆಯಿಂದ ಬೇಗ ಗುಣ ಕಾಣುತ್ತಿತ್ತು. ಈಗ ನಮ್ಮ ದೇಶದಲ್ಲಿ ಅದಕ್ಕೆ ಬಗ್ಗದ ಫಂಗಸ್ ಹಬ್ಬಿದೆ. 2020ರಲ್ಲಿ ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. ಹಾಗಾಗಿ ಇಟ್ರಾಕೊನಜೋಲ್ ಜಾಸ್ತಿ ಬರೆಯುತ್ತೇವೆ. ಅದರ ಕ್ಯಾಪ್ಸೂಲನ್ನು ಊಟದ ಜೊತೆ ನುಂಗಬೇಕು. ಗ್ಯಾಸ್ಟ್ರಿಕ್ ಮಾತ್ರೆ ಜೊತೆಗಿದ್ದರೆ ಅದು ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಹೃದಯದ ತೊಂದರೆ ಇದ್ದರೆ, ಕೊಲೆಸ್ಟ್ರಾಲ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ.

ಸ್ಟೀರಾಯ್ಡ್ ನಿಲ್ಲಿಸಿದ ಮೊದಲ ಕೆಲವು ದಿನ ತುರಿಕೆ ಜಾಸ್ತಿಯಾಗುತ್ತದೆ. ಸುಮಾರು ಜನ ಸೋತು ಹಳೇ ಟ್ಯೂಬಿಗೆ ಕೈ ಹಾಕುವುದು ಆಗಲೇ. ದಯವಿಟ್ಟು ತಡೆದುಕೊಳ್ಳಿ. ಅದಕ್ಕೂ ತುರಿಕೆಯ ಮಾತ್ರೆ ಇದೆ, ಕೇಳಿ ಪಡೆಯಿರಿ. ಚಿಕಿತ್ಸೆ ಆರು ವಾರ ಆಗಬಹುದು, ಇನ್ನೂ ಹೆಚ್ಚೂ ಆಗಬಹುದು. ಮಚ್ಚೆ ಮಾಯವಾದ ಮೇಲೂ ಡಾಕ್ಟರು ಹೇಳುವವರೆಗೆ ನಿಲ್ಲಿಸಬೇಡಿ.

ಹೆಂಡತಿಗೂ ಜೊತೆಯಲ್ಲೇ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ತಿರುಗುತ್ತಲೇ ಇರುತ್ತದೆ. ಅವರು ಬಸುರಿಯಾಗಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಅದನ್ನೂ ಹೇಳಲಿ, ಮಾತ್ರೆ ಬದಲಾಗುತ್ತದೆ. ಟವೆಲ್ ಬೇರೆ ಬೇರೆ ಇರಲಿ. ಒಳಬಟ್ಟೆ, ಉಡಿದಾರ ಒದ್ದೆ ಇರಬಾರದು. ಉಡಿದಾರದ ಕೆಳಗೆ ಫಂಗಸ್ ಉಳಿದುಬಿಡುತ್ತದೆ, ಚಿಕಿತ್ಸೆ ಮುಗಿಯುವವರೆಗೆ ತೆಗೆದಿಡಿ. ದಿನವಿಡೀ ಸೀಟಿನ ಮೇಲೆ ಕೂರುವ ಕೆಲಸ ನಿಮ್ಮದು. ಬಿಗಿ ಜೀನ್ಸ್ ಬದಲು ಸಡಿಲ ಹತ್ತಿ ಪ್ಯಾಂಟ್ ಹಾಕಿ.

ಪ್ರಶ್ನೆ: ಅಂಥದೇ ಒಂದು ಕ್ರೀಮನ್ನು ನನ್ನ ಮಗಳು ಬಣ್ಣ ಬರಲೆಂದು ಮುಖಕ್ಕೆ ಹಚ್ಚುತ್ತಾಳೆ. ಬಿಸಿಲಿಗೆ ಹೋದರೆ ಉರಿ ಅನ್ನುತ್ತಾಳೆ.
— ಓದುಗರು, ಹಾವೇರಿ

ಉತ್ತರ: ಅಮ್ಮಾ, ಇದು ಇನ್ನೂ ಅವಸರದ ವಿಷಯ. ಮುಖದ ಚರ್ಮ ತೆಳು, ಅಲ್ವಾ? ಹೀಗೇ ಹಚ್ಚುತ್ತಿದ್ದರೆ ಮುಖ ಕೆಂಪೇರುತ್ತದೆ, ಮೊಡವೆ ಏಳುತ್ತದೆ, ಕೂದಲು ಬೆಳೆಯುತ್ತದೆ. ಬಿಟ್ಟ ಕೂಡಲೇ ಉರಿ ಹೆಚ್ಚುವುದರಿಂದ ಮಕ್ಕಳು ಮತ್ತೆ ಅದನ್ನೇ ಹಚ್ಚುತ್ತಾರೆ. ಇದೇ ವಾರ ಚರ್ಮದ ಡಾಕ್ಟರಿಗೆ ತೋರಿಸಿ. ಹೇಗೆ ಬಿಡಿಸಬೇಕೆಂದು ಅವರು ಹೇಳುತ್ತಾರೆ. ಮಗಳನ್ನು ಗದರಬೇಡಿ. ಅವಳ ಬಣ್ಣದ ಬಗ್ಗೆ ಮನೆಯಲ್ಲಿ ಯಾರಾದರೂ ಮಾತಾಡುತ್ತಿದ್ದರೆ, ಗದರಬೇಕಾದದ್ದು ಅವರನ್ನು.