ಹೊಂಡ ತೋಡಿದಾಗ ಸಿಕ್ಕ ಸುಣ್ಣದ ಹರಳು, ಕಾರ್ಬನ್ ಲೆಕ್ಕ

ಅಣ್ಣಾ, ಮಳವಳ್ಳಿ ಹತ್ತಿರದ ನಿಮ್ಮ ಹೊಲದಲ್ಲಿ ಕೃಷಿ ಹೊಂಡ ತೋಡಿದಾಗ ಮೂರಡಿ ಕೆಳಗೆ ಬಿಳಿ ಹರಳು ಸಿಕ್ಕಿದೆ, ಇದು ಒಳ್ಳೇದಾ ಕೆಟ್ಟದ್ದಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಯ ಕೆಳಗೆ ಇನ್ನೊಬ್ಬರು, ಸುಣ್ಣದಲ್ಲಿ ಕಾರ್ಬನ್ ಇದೆ, ಹೊಲಕ್ಕೆ ಜಾಸ್ತಿ ಸುಣ್ಣ ಹಾಕಿದರೆ ಕಾರ್ಬನ್ ಕ್ರೆಡಿಟ್ (ಗಾಳಿಯ ಕಾರ್ಬನ್ ಹಿಡಿದಿಟ್ಟದ್ದಕ್ಕೆ ಸಿಗುವ) ದುಡ್ಡು ಬರುತ್ತದೆ ಅಂತ ಬರೆದಿದ್ದಾರೆ. ದಯವಿಟ್ಟು ಆ ಲೆಕ್ಕದಲ್ಲಿ ಸುಣ್ಣ ಸುರಿಯಬೇಡಿ. ದುಡ್ಡೂ ಹೋಗುತ್ತದೆ, ಮಣ್ಣೂ ಕೆಡುತ್ತದೆ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆ ಹರಳನ್ನು ಮಣ್ಣೇ ಮಾಡಿಕೊಂಡಿದೆ. ಬೇರುಗಳು ಉಸಿರಾಡುತ್ತವೆ, ಸೂಕ್ಷ್ಮಜೀವಿಗಳು ಕಸಕಡ್ಡಿ ಕೊಳೆಸುತ್ತವೆ, ಎರಡರಿಂದಲೂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಸುಮಾರು 0.04% ಇದ್ದರೆ, ಮಣ್ಣಿನೊಳಗಿನ ಗಾಳಿಯಲ್ಲಿ ಅದರ ಹತ್ತು ಪಟ್ಟು, ಕೆಲವು ಸಲ ನೂರು ಪಟ್ಟು ಇರುತ್ತದೆ. ಇಂಗುವ ನೀರಿನಲ್ಲಿ ಅದು ಕರಗಿ ತೆಳು ಆಸಿಡ್ ಆಗುತ್ತದೆ. ನಮ್ಮ ಮಂಡ್ಯ, ಮೈಸೂರಿನ ಮಣ್ಣಿನ ಅಡಿಗೆ ಬಹುಪಾಲು ನೈಸ್ ಅನ್ನುವ ತುಂಬಾ ಹಳೆಯ ಬಂಡೆ ಇದೆ ಅಲ್ವಾ, ಈ ನೀರು ಆ ಬಂಡೆಯ ಫೆಲ್ಡ್‌ಸ್ಪಾರ್, ಹಾರ್ನ್‌ಬ್ಲೆಂಡ್ ಥರದ ಖನಿಜಗಳನ್ನು ನಿಧಾನವಾಗಿ ಕರಗಿಸಿ ಕ್ಯಾಲ್ಸಿಯಂ ಬಿಡಿಸುತ್ತದೆ. ಕ್ಯಾಲ್ಸಿಯಂ, ಆ ಆಸಿಡ್‌ನಿಂದ ಆದ ಬೈಕಾರ್ಬೊನೇಟ್ (ನೀರಿನಲ್ಲಿ ಕರಗಿದ ಕಾರ್ಬನ್) ಎರಡೂ ನೀರಿನ ಜೊತೆ ಕೆಳಗಿಳಿಯುತ್ತವೆ. ಮಳೆ ನೀರು ಎಲ್ಲಿವರೆಗೆ ಇಂಗುತ್ತದೋ ಅಲ್ಲಿಗೆ ಪ್ರಯಾಣ ಮುಗಿಯಿತು. ಬೇರು ಆ ನೀರನ್ನು ಹೀರುತ್ತದೆ, ಬೇಸಿಗೆಗೆ ಮಣ್ಣು ಒಣಗುತ್ತದೆ, ಗೋಲಿ ಸೋಡಾ ಒಡೆದಾಗ ಗ್ಯಾಸ್ ಹೋದ ಹಾಗೆ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ, ಆಗ ನೀರಿನಲ್ಲಿ ಕರಗಿ ಇರಲಾರದ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ನಾವು ಇಲ್ಲಿ ಸುಣ್ಣ ಅನ್ನುತ್ತಿರುವುದು, ಅಲ್ಲೇ ಕೂರುತ್ತದೆ. ಮೊದಲು ಬೇರಿನ ಸುತ್ತ, ಸಂದಿಗಳಲ್ಲಿ ಬಿಳಿ ಎಳೆ. ಆಮೇಲೆ ಹರಳು. ನಿಮ್ಮ ಕೈಯಲ್ಲಿರುವ ಗಾತ್ರಕ್ಕೆ ಬರಲು ಸಾವಿರಾರು ವರ್ಷ ಬೇಕು.

ನಮ್ಮ ಕಡೆ ವರ್ಷಕ್ಕೆ 700 ಮಿ.ಮೀ ಆಸುಪಾಸು ಮಳೆ, ಅದಕ್ಕೇ ಇದು ಉಳಿದಿದೆ. ಮಡಿಕೇರಿ ಕಡೆ 3000 ಮಿ.ಮೀ ದಾಟುತ್ತದೆ, ಅಲ್ಲಿ ಕ್ಯಾಲ್ಸಿಯಂ ಎಲ್ಲ ತೊಳೆದು ಹೋಗಿ ಮಣ್ಣು ಹುಳಿಯಾಗಿರುತ್ತದೆ. ಕಾಫಿ ತೋಟದವರು ಸುಣ್ಣ ಹಾಕುವುದು ಆ ಹುಳಿ ತೆಗೆಯಲು. ಅವರನ್ನು ನೋಡಿ ನಾವೂ ಹಾಕಿದರೆ ಆಗುವುದಿಲ್ಲ.

ಈಗ ಕಾರ್ಬನ್ ಲೆಕ್ಕ. 100 ಕೆ.ಜಿ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ 12 ಕೆ.ಜಿ ಕಾರ್ಬನ್ ಇರುತ್ತದೆ. ಒಂದು ಎಕರೆಯ ಒಂದಡಿ ಮಣ್ಣು ಹೆಚ್ಚುಕಡಿಮೆ 1800 ಟನ್ ತೂಗುತ್ತದೆ, ಅದರಲ್ಲಿ 5% ಸುಣ್ಣ ಇದ್ದರೆ 90 ಟನ್, ಅಂದರೆ ಸುಮಾರು 11 ಟನ್ ಕಾರ್ಬನ್. ಸಣ್ಣ ಮೊತ್ತ ಅಲ್ಲವೇ ಅಲ್ಲ. ಆದರೆ ಕೇಳಬೇಕಾದ ಪ್ರಶ್ನೆ, ಆ ಕ್ಯಾಲ್ಸಿಯಂ ಎಲ್ಲಿಂದ ಬಂತು ಅನ್ನುವುದು. ಬಂಡೆಯ ಫೆಲ್ಡ್‌ಸ್ಪಾರ್‌ನಿಂದ ಬಂದಿದ್ದರೆ, ನೀರಿಗೆ ಸೇರಿದ ಪ್ರತಿ ಎರಡು ಪಾಲು ಕಾರ್ಬನ್‌ನಲ್ಲಿ ಒಂದು ಪಾಲು ಹರಳಾಗಿ ಉಳಿಯುತ್ತದೆ, ಇನ್ನೊಂದು ಗಾಳಿಗೆ ವಾಪಸ್ ಹೋಗುತ್ತದೆ. ಇದು ನಿಜವಾದ ಉಳಿತಾಯ. ಅಂಗಡಿಯಿಂದ ತಂದ ಸುಣ್ಣದ ಕಲ್ಲಿನ ಪುಡಿಯಲ್ಲಿ ಕಾರ್ಬನ್ ಮೊದಲೇ ಕಲ್ಲಾಗಿ ಕೂತಿತ್ತು. ಅದು ಕರಗಿ ನಿಮ್ಮ ಹೊಲದಲ್ಲೇ ಮತ್ತೆ ಹರಳಾದರೆ ಗಾಳಿಯಿಂದ ಒಂದು ಗ್ರಾಂ ಕೂಡ ಹೊಸದಾಗಿ ಸೇರಿಲ್ಲ. ಸುಟ್ಟ ಸುಣ್ಣ ಆದರಂತೂ ಗೂಡಿನಲ್ಲೇ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಿರುತ್ತದೆ. ಬೋರ್‌ವೆಲ್ ನೀರಿನಿಂದ ಡ್ರಿಪ್ಪರ್ ಬಾಯಿಗೆ ಬಿಳಿ ಕಟ್ಟುತ್ತದಲ್ಲ, ಅದೂ ಇದೇ ಕ್ರಿಯೆ. ಅಂತರ್ಜಲದಲ್ಲಿ ಕರಗಿದ್ದ ಕಾರ್ಬನ್‌ನಲ್ಲಿ ಅರ್ಧ ಗಾಳಿಗೆ ಹೋಗಿ ಅರ್ಧ ಅಲ್ಲಿ ಕೂತಿದೆ, ಅಷ್ಟೇ. ಅದನ್ನು ಉಳಿತಾಯ ಅಂತ ಬರೆದುಕೊಳ್ಳಬೇಡಿ.

ಇರುವ ಸುಣ್ಣವೂ ಶಾಶ್ವತ ಅಂದುಕೊಳ್ಳಬೇಡಿ. ಯೂರಿಯಾದಿಂದ ಆಗುವ, ಡಿಎಪಿಯಲ್ಲಿರುವ ಅಮೋನಿಯಂ ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಆಸಿಡ್ ಬಿಡುತ್ತದೆ, ಆ ಆಸಿಡ್ ಸುಣ್ಣವನ್ನು ಕರಗಿಸುತ್ತದೆ. ಸುಮ್ನೆ ಇನ್ನೊಂದು ಮೂಟೆ ಇರಲಿ ಅಂತ ಯೂರಿಯಾ ಎರಚುವವರು ಇದನ್ನು ಗಮನಿಸಬೇಕು.

ಬೆಳೆಗೆ ಏನು ತೊಂದರೆ ಅಂದರೆ, ಮೂರಡಿ ಕೆಳಗಿದ್ದರೆ ಅಷ್ಟೇನಿಲ್ಲ. ಮೇಲಕ್ಕೆ ಬಂದರೆ ಕಷ್ಟ. ಆದ್ದರಿಂದ ಹೊಂಡದಿಂದ ತೆಗೆದ ಬಿಳಿ ಮಣ್ಣನ್ನು ಹೊಲದ ಮೇಲೆ ಹರಡಬೇಡಿ, ಏರಿಗೆ, ದಾರಿಗೆ ಬಳಸಿ. ಸುಣ್ಣ ಜಾಸ್ತಿ ಇರುವ ಮಣ್ಣಿನಲ್ಲಿ ರಂಜಕ ಕ್ಯಾಲ್ಸಿಯಂ ಜೊತೆ ಕಟ್ಟಿಕೊಳ್ಳುತ್ತದೆ, ಕಬ್ಬಿಣ, ಸತು ಬೇರಿಗೆ ಸಿಗುವುದಿಲ್ಲ. ಕೂಳೆ ಕಬ್ಬು, ಕಡಲೆಕಾಯಿಯಲ್ಲಿ ಹೊಸ ಎಲೆ ಬಿಳಿಚಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ ಇರಬಹುದು. ಲೀಟರ್‌ಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಸಿಡ್ ಸೇರಿಸಿ ವಾರಕ್ಕೊಂದು ಸಲದಂತೆ ಎರಡು ಮೂರು ಸಲ ಸಿಂಪಡಿಸಿ. ಮಣ್ಣಿಗೆ ಹಾಕಿದ ಫೆರಸ್ ಸಲ್ಫೇಟ್ ಬೇಗ ಕಟ್ಟಿಕೊಂಡು ಕೂರುತ್ತದೆ.

ನನಗೆ ಇದಕ್ಕಿಂತ ಭಯ ಸೋಡಿಯಂ ಬಗ್ಗೆ. ಸುಣ್ಣ ಮಾತ್ರ ಇದ್ದರೆ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) ಸಾಮಾನ್ಯವಾಗಿ 8.4ರ ಒಳಗೆ ಇರುತ್ತದೆ. 8.5 ದಾಟಿದರೆ, ಮಳೆ ಬಂದ ಮೇಲೆ ನೀರು ಇಂಗದೆ ನಿಂತರೆ, ಅದು ಚೌಳಿನ ಲಕ್ಷಣ. ನಾಲೆ ಬಯಲಿನ ತಗ್ಗು ಗದ್ದೆಯವರಿಗೆ ಇದು ಗೊತ್ತೇ ಇದೆ. ಬೈಕಾರ್ಬೊನೇಟ್ ಜಾಸ್ತಿ ಇರುವ ಬೋರ್ ನೀರು ಹಾಯಿಸಿದರೆ ಕ್ಯಾಲ್ಸಿಯಂ ಸುಣ್ಣವಾಗಿ ಕೂತು, ಮಣ್ಣಿನ ಕಣಗಳ ಮೇಲೆ ಸೋಡಿಯಂ ಜಾಗ ಹಿಡಿಯುತ್ತದೆ. ಅಲ್ಲಿ ಬೇಕಾದದ್ದು ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ಕೊಡುವ ಜಿಪ್ಸಂ, ಜೊತೆಗೆ ನೀರು ಬಸಿದು ಹೋಗಲು ಕಾಲುವೆ. ಡಯಾಂಚ ಅನ್ನುವ ಹಸಿರೆಲೆ ಗೊಬ್ಬರದ ಗಿಡ ಬೆಳೆದು ಹೂ ಬರುವ ಮುಂಚೆ ಮಣ್ಣಿಗೆ ಸೇರಿಸಿದರೆ, ಅದು ಕೊಳೆಯುವಾಗ ಬರುವ ಕಾರ್ಬನ್ ಡೈಆಕ್ಸೈಡ್ ಇರುವ ಸುಣ್ಣವನ್ನೇ ಕರಗಿಸಿ ಕ್ಯಾಲ್ಸಿಯಂ ಕೊಡುತ್ತದೆ. ಕಾರ್ಬನ್ ಹೆಚ್ಚಿಸುವ ಆಸೆ ಇದ್ದರೂ ನಿಮ್ಮ ಕೈಯಲ್ಲಿರುವುದು ಇದೇ ದಾರಿ: ಹಸಿರೆಲೆ ಗೊಬ್ಬರ, ಕಬ್ಬಿನ ಸೋಗೆ ಸುಡದೆ ಹೊದಿಸುವುದು.

ಹರಳು ಸುಣ್ಣವೇ ಹೌದಾ ಅಂತ ನೋಡಲು ಒಂದನ್ನು ಪುಡಿ ಮಾಡಿ ನಿಂಬೆರಸ ಹಿಂಡಿ, ನೊರೆ ಬಂದರೆ ಹೌದು. ಆಮೇಲೆ ಹೊಲದ ನಾಲ್ಕೈದು ಕಡೆಯಿಂದ ಮೇಲಿನ ಅರ್ಧ ಅಡಿ ಮಣ್ಣು ಬೆರೆಸಿ ಒಂದು ಚೀಲ, ಹೊಂಡದ ಗೋಡೆಯಿಂದ ಎರಡಡಿ ಆಳದ್ದು ಇನ್ನೊಂದು ಚೀಲ, ಬೋರ್ ನೀರು ಒಂದು ಬಾಟಲಿ, ಮೂರನ್ನೂ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ ಪರೀಕ್ಷೆಗೆ ಕೇಳಿ. ಪಿಎಚ್, ಇಸಿ (ಕರಗಿದ ಉಪ್ಪಿನ ಅಳತೆ), ಸೋಡಿಯಂ, ನೀರಿನ ಬೈಕಾರ್ಬೊನೇಟ್ ಅಂಕಿ ಬಂದ ಮೇಲೆ ಇಲ್ಲೇ ಹಾಕಿ, ಜಿಪ್ಸಂ ಬೇಕಾ, ಎಷ್ಟು ಬೇಕು ಅಂತ ಕೂತು ಲೆಕ್ಕ ಹಾಕೋಣ.