"ಎಷ್ಟು ಸ್ಕೋರ್ ಬೇಕು ಅಕ್ಕಾ?" ಅಂದವನಿಗೆ

ಅಕ್ಕಾ ಅಂತ ಬರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ನೀನು ಹೇಳಿದ್ದು ಇಷ್ಟು: ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿದಿದೆ, ಈಗ ಒಂದು ಪಿಎಚ್‌ಸಿಯಲ್ಲಿ ಗ್ರಾಮೀಣ ಸೇವೆ ನಡೆಯುತ್ತಿದೆ, ಅಮೆರಿಕದ ಡಾಕ್ಟರ್ ಲೈಸೆನ್ಸಿನ ಪರೀಕ್ಷೆಗಳಲ್ಲಿ ಮೊದಲನೆಯದಾದ ಸ್ಟೆಪ್ 1 ಪಾಸಾಗಿದೆ, ನೀಟ್ ಪಿಜಿ ಬಿಟ್ಟು ಅಮೆರಿಕದ ರೆಸಿಡೆನ್ಸಿಗೇ, ಅಂದರೆ ಅಲ್ಲಿನ ಪಿಜಿ ತರಬೇತಿಗೇ, ಹೊರಡಲೋ ಬೇಡವೋ ಅಂತ ಯೋಚನೆ. ಸ್ಟೆಪ್ 2ರಲ್ಲಿ ಎಷ್ಟು ಸ್ಕೋರ್ ಬೇಕು, ಒಟ್ಟು ಎಷ್ಟು ದುಡ್ಡು ಬೇಕು, ಪಿಎಚ್‌ಸಿಯಲ್ಲಿ ಕಳೆದ ವರ್ಷ ದಂಡವಾ ಅಂತ ಕೇಳಿದ್ದೀಯ.

ಸ್ಕೋರಿನ ಪ್ರಶ್ನೆಯನ್ನು ಎಲ್ಲರೂ ಮೊದಲು ಕೇಳುತ್ತಾರೆ. ನಾನೂ ಕೇಳಿದ್ದೆ. ಬೇರೆ ಏನನ್ನೂ ಕೇಳಲಿಲ್ಲ, ಅದಕ್ಕೇ ಮೊದಲ ಸಲ ಬಿದ್ದೆ.

ನಾನು ಸಾಗರದ ಕಡೆಯವಳು, ಓದಿದ್ದು ಮೈಸೂರಿನಲ್ಲಿ, 2012ರಲ್ಲಿ ಇಂಟರ್ನ್‌ಶಿಪ್ ಮುಗಿಯಿತು. ಆಗ ಸ್ಟೆಪ್ 1ಕ್ಕೂ ಅಂಕ ಕೊಡುತ್ತಿದ್ದರು, ಬರೀ ಪಾಸು-ಫೇಲು ಆಗಿದ್ದು 2022ರ ಜನವರಿಯಿಂದ. ನನ್ನ ಅಂಕ ಚೆನ್ನಾಗಿಯೇ ಇತ್ತು, ಅದು ತಲೆಗೂ ಏರಿತ್ತು. ಸಿಎಸ್ ಅಂತ ಇನ್ನೊಂದು ಪರೀಕ್ಷೆ ಬೇರೆ ಇತ್ತು ಆಗ. ನಟರನ್ನು ರೋಗಿಗಳ ಹಾಗೆ ಕೂರಿಸಿರುತ್ತಾರೆ, ನಾವು ಮಾತಾಡಿಸಿ ಪರೀಕ್ಷೆ ಮಾಡಬೇಕು, ಅದಕ್ಕಾಗಿ ಅಮೆರಿಕಕ್ಕೇ ಹಾರಬೇಕು, ಅಲ್ಲೂ ಐದೇ ಊರುಗಳಲ್ಲಿ ಸೆಂಟರ್. ನಾನು ಶಿಕಾಗೋಗೆ ಹೋದೆ, 2014ರ ಸೆಪ್ಟೆಂಬರ್ ಕೊನೆಗೆ. ರಿಸಲ್ಟ್ ಕೈಗೆ ಬರುವಷ್ಟರಲ್ಲಿ ನವೆಂಬರ್ ಬಂದಿತ್ತು. ಪ್ರೋಗ್ರಾಂಗಳು, ಅಂದರೆ ರೆಸಿಡೆನ್ಸಿ ಕೊಡುವ ಆಸ್ಪತ್ರೆಗಳು, ಅಷ್ಟರಲ್ಲಿ ತಮಗೆ ಬೇಕಾದವರನ್ನೆಲ್ಲ ಇಂಟರ್ವ್ಯೂಗೆ ಕರೆದಾಗಿತ್ತು. 120 ಕಡೆ ಅರ್ಜಿ ಹಾಕಿದ್ದೆ, ಬಂದಿದ್ದು ಒಂದೇ ಒಂದು ಇಂಟರ್ವ್ಯೂ. ಮದುವೆ ಮುಗಿದ ಮೇಲೆ ಬಂದ ಓಲಗದವರ ಹಾಗಾಯಿತು ನನ್ನ ಸ್ಥಿತಿ. (ಸಿಎಸ್ ಈಗ ಇಲ್ಲ. 2020ರಲ್ಲಿ ಕೋವಿಡ್‌ಗೆ ನಿಲ್ಲಿಸಿದವರು 2021ರಲ್ಲಿ ಪೂರ್ತಿ ಕೈಬಿಟ್ಟರು. ನಿನಗೆ ಅದರ ಬದಲು ಒಇಟಿ, ಅಂದರೆ ವೈದ್ಯಕೀಯ ಕ್ಷೇತ್ರದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ. ನಿನ್ನ ಅದೃಷ್ಟ.)

ರೆಸಿಡೆನ್ಸಿ ಸೀಟು ಹಂಚುವುದಕ್ಕೆ ಮ್ಯಾಚ್ ಅಂತಾರೆ. ಮಾರ್ಚ್ ಮೂರನೇ ವಾರದ ಸೋಮವಾರ ಮ್ಯಾಚ್ ಆಗಿದೆಯೋ ಇಲ್ಲವೋ ಅಂತ ಮಾತ್ರ ಹೇಳುತ್ತಾರೆ, ಎಲ್ಲಿ ಅನ್ನುವುದು ಶುಕ್ರವಾರ. ಆ ಸೋಮವಾರ ರಾತ್ರಿ ಸಾಗರದ ಮನೆಯಲ್ಲಿ ಕರೆಂಟ್ ಇರಲಿಲ್ಲ, ಮೊಬೈಲ್ ಬೆಳಕಲ್ಲೇ ಮೇಲ್ ಓದಿದೆ. ಆಗಿಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ರೀವ್ಯಾಲ್ಯುಯೇಷನ್‌ಗೆ ಹಾಕಲಿಕ್ಕೆ ಆಗುತ್ತಾ?" ಅಂದರು. ಈಗ ನೆನೆಸಿಕೊಂಡರೆ ನಗು ಬರುತ್ತೆ. ಆವತ್ತು ಬರಲಿಲ್ಲ.

ಹಾಗಾಗಿ ಮೊದಲನೇ ಮಾತು, ತಾರೀಕಿನಿಂದ ಹಿಂದಕ್ಕೆ ಲೆಕ್ಕ ಹಾಕು. ಬಹುತೇಕ ಸ್ಪೆಷಾಲಿಟಿಗಳಿಗೆ ಅರ್ಜಿ ಹೋಗುವುದು ಎರಾಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯ ಮೂಲಕ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಪ್ರೋಗ್ರಾಂಗಳು ಅದನ್ನು ತೆರೆದು ನೋಡುತ್ತವೆ. ಅವತ್ತಿಗೆ ನಿನ್ನ ಫೈಲು ಪೂರ್ತಿ ಇರಬೇಕು: ಸ್ಟೆಪ್ 2 ರಿಸಲ್ಟ್, ಒಇಟಿ, ಕಾಲೇಜಿನ ಡೀನ್ ಪತ್ರ, ಯೂನಿವರ್ಸಿಟಿಯ ಟ್ರಾನ್ಸ್‌ಕ್ರಿಪ್ಟ್, ಶಿಫಾರಸು ಪತ್ರಗಳು, ಸಾಧ್ಯವಾದರೆ ಹೊರದೇಶದಲ್ಲಿ ಓದಿದವರಿಗೆ ಬೇಕಾದ ಇಸಿಎಫ್‌ಎಂಜಿ ಸರ್ಟಿಫಿಕೇಟ್. ಸ್ಟೆಪ್ 2 ಅನ್ನು ಜೂನ್ ಒಳಗೆ ಬರೆದುಬಿಡು. ಟ್ರಾನ್ಸ್‌ಕ್ರಿಪ್ಟಿಗೆ ಇವತ್ತೇ ಅರ್ಜಿ ಹಾಕು, ನಾಳೆ ಅನ್ನಬೇಡ. ಬೆಂಗಳೂರಿನ ಜಯನಗರದಲ್ಲಿರುವ ಯೂನಿವರ್ಸಿಟಿಗೆ ಓಡಾಡಬೇಕಾಗುತ್ತೆ, ಪಿಎಚ್‌ಸಿಯಿಂದ ರಜೆ ಸಿಗುವುದು ಎಷ್ಟು ಕಷ್ಟ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಎರಡನೆಯದು ಶಿಫಾರಸು ಪತ್ರ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ.

ಮ್ಯಾಚ್ ಆಗದ ಬೇಸಿಗೆಯಲ್ಲಿ, ಅಮೆರಿಕದಲ್ಲಿ ಡಾಕ್ಟರುಗಳ ಕೆಲಸ ನೋಡಿ ಕಲಿಯುವ ಅಬ್ಸರ್ವರ್‌ಶಿಪ್ ಕೊಡಿಸುತ್ತೇನೆ ಅನ್ನುವ ಏಜೆಂಟ್ ಒಬ್ಬನಿಗೆ ದುಡ್ಡು ಕಟ್ಟಿದೆ. ಹ್ಯಾಂಡ್ಸ್-ಆನ್, ಅಂದರೆ ರೋಗಿಗಳನ್ನು ನಾವೇ ಪರೀಕ್ಷಿಸಬಹುದು, ಅಂತ ಹೇಳಿದ್ದ. ಹೋಗಿ ನೋಡಿದರೆ ಒಂದು ಸಣ್ಣ ಕ್ಲಿನಿಕ್, ಮೂಲೆಯಲ್ಲಿ ಒಂದು ಕುರ್ಚಿ, ಪಕ್ಕದಲ್ಲಿ ನನ್ನ ಹಾಗೇ ಬಂದ ಇನ್ನಿಬ್ಬರು. ನಾಲ್ಕು ವಾರ ಕೂತು ಎದ್ದು ಬಂದೆ. ಕೊನೆಗೆ ಅವರ ಆಫೀಸಿನವರು ಪತ್ರದ ಕರಡು ಕಳಿಸಿದರು ನೋಡು, ಅದರಲ್ಲಿ ನನ್ನನ್ನು ಗಂಡಸು ಮಾಡಿಬಿಟ್ಟಿದ್ದರು! ಹಿಂದಿನವನ ಪತ್ರದಲ್ಲಿ ಹೆಸರು ಮಾತ್ರ ಬದಲಾಯಿಸಿದ್ದು. ಆ ಪತ್ರ ಬೇಡವೇ ಬೇಡ ಅಂತ ಬಿಟ್ಟೆ, ದುಡ್ಡು ಹೋಯಿತು.

ಆಮೇಲೆ ಕಾಲೇಜಿನ ಸೀನಿಯರ್ ಒಬ್ಬರು ಮಿಶಿಗನ್ನಿನ ಒಂದು ಸಮುದಾಯ ಆಸ್ಪತ್ರೆಯಲ್ಲಿ ಮಾತಾಡಿ ಎರಡು ತಿಂಗಳು ನಿಲ್ಲಲು ಅವಕಾಶ ಮಾಡಿಕೊಟ್ಟರು. ಅಲ್ಲಿ ಅವರದ್ದೇ ರೆಸಿಡೆನ್ಸಿ ಪ್ರೋಗ್ರಾಂ ಇತ್ತು, ಅದು ಮುಖ್ಯ. ಕನ್ನಡದವರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದೆ. ಅಬ್ಸರ್ವರ್ ಅಂದರೆ ರೋಗಿಯನ್ನು ಮುಟ್ಟುವಂತಿಲ್ಲ, ಆರ್ಡರ್ ಬರೆಯುವಂತಿಲ್ಲ. ಬೆಳಿಗ್ಗೆ ಆರೂವರೆಗೆ ಹೋಗಿ ನಿಂತಿರುತ್ತಿದ್ದೆ, ಹಿಂದಿನ ದಿನದ ಕೇಸುಗಳ ಬಗ್ಗೆ ಓದಿಕೊಂಡು ಬರುತ್ತಿದ್ದೆ, ಒಮ್ಮೆ ಮಧ್ಯಾಹ್ನದ ಕಾನ್ಫರೆನ್ಸಿನಲ್ಲಿ ಒಂದು ಕೇಸ್ ಹೇಳಲು ಬಿಟ್ಟರು. ಅಲ್ಲಿನ ಅಟೆಂಡಿಂಗ್, ಅಂದರೆ ಹಿರಿಯ ಡಾಕ್ಟರ್, ಬರೆದ ಪತ್ರದಲ್ಲಿ ಏನಿತ್ತು ಅಂತ ನನಗೆ ಗೊತ್ತಾಗಿದ್ದು ಮುಂದೆ ಇಂಟರ್ವ್ಯೂ ಮಾಡಿದವರೊಬ್ಬರಿಂದ. ವಾರ್ಡಿನಲ್ಲಿ ಒಬ್ಬ ಮುದುಕಿಯ ಮಗಳು ಅಳುತ್ತಿದ್ದಾಗ ಎಲ್ಲರೂ ಮುಂದಿನ ರೂಮಿಗೆ ಹೋದರು, ಈ ಹುಡುಗಿ ಮಾತ್ರ ಅರ್ಧ ಗಂಟೆ ಅವಳ ಜೊತೆ ಕೂತಿದ್ದಳು ಅಂತ. ನನಗೇ ಮರೆತುಹೋಗಿತ್ತು ಅದು. ಆ ವರ್ಷ ಏಳು ಇಂಟರ್ವ್ಯೂ ಬಂತು. ಸ್ಕೋರ್ ಅದೇ, ಹಿಂದಿನ ವರ್ಷದ್ದೇ.

ಹಾಗಾಗಿ ನಿನಗೆ ನನ್ನ ಮರುಪ್ರಶ್ನೆ: ನಿನ್ನ ಪತ್ರ ಯಾರು ಬರೆಯುತ್ತಾರೆ? ಒಂದು ಪ್ರೋಗ್ರಾಂಗೆ ನಾಲ್ಕು ಪತ್ರದ ತನಕ ಕಳಿಸಬಹುದು, ಎರಡಾದರೂ ಇಲ್ಲಿನ, ಅಂದರೆ ಅಮೆರಿಕದ, ಡಾಕ್ಟರುಗಳದ್ದು, ನೀನು ಅರ್ಜಿ ಹಾಕುವ ಸ್ಪೆಷಾಲಿಟಿಯದ್ದೇ ಆಗಿರಲಿ. ಸಿಕ್ಕಸಿಕ್ಕ ಕಡೆ ಎರಡೆರಡು ವಾರ ಇರುವ ಬದಲು ಒಂದೇ ಕಡೆ ಎರಡು ತಿಂಗಳು ಇರು. ಇಂಟರ್ನ್‌ಶಿಪ್ ಮುಗಿಯದ ಜೂನಿಯರ್‌ಗಳು ಇದ್ದರೆ, ಓದುತ್ತಿರುವಾಗಲೇ ವಿದ್ಯಾರ್ಥಿಯಾಗಿ ಇಲ್ಲಿನ ಆಸ್ಪತ್ರೆಯಲ್ಲಿ ಕಲಿಯುವ ಇಲೆಕ್ಟಿವ್‌ಗೆ ಬರಲು ಹೇಳು, ಅವರಿಗೆ ರೋಗಿಯನ್ನು ಮುಟ್ಟಲು ಬಿಡುತ್ತಾರೆ. ನೀನು ಆ ಬಸ್ ಮಿಸ್ ಮಾಡಿಕೊಂಡಿದ್ದೀಯ, ನನ್ನ ಹಾಗೇ.

ಪಿಎಚ್‌ಸಿ ವರ್ಷ ದಂಡ ಅಂತ ಯಾರು ಹೇಳಿದ್ದು ನಿನಗೆ? ಮನೆಯಲ್ಲಿ ಕೂತು ಬರೀ ಪರೀಕ್ಷೆಗೆ ಓದಿದ ವರ್ಷವನ್ನು ಇಲ್ಲಿ ಅನುಮಾನದಿಂದ ನೋಡುತ್ತಾರೆ, ಕೆಲಸ ಮಾಡಿದ ವರ್ಷವನ್ನಲ್ಲ. ರಾತ್ರಿ ಹಾವು ಕಚ್ಚಿದವರನ್ನು ಟ್ರ್ಯಾಕ್ಟರ್‌ನಲ್ಲಿ ಕರೆತಂದಾಗ, ಆಂಬುಲೆನ್ಸ್ ಬರುವ ತನಕ ನೀನೊಬ್ಬನೇ ನಿಂತೆಯಲ್ಲ, ಅದನ್ನು ಅರ್ಜಿಯ ಜೊತೆ ನಿನ್ನ ಬಗ್ಗೆ ಬರೆಯುವ ಪರ್ಸನಲ್ ಸ್ಟೇಟ್‌ಮೆಂಟಿನಲ್ಲಿ ಬರೆ. ಚಿಕ್ಕಂದಿನಿಂದ ಡಾಕ್ಟರ್ ಆಗುವ ಕನಸು, ಅಜ್ಜಿ ತೀರಿಕೊಂಡಾಗ ನಿರ್ಧರಿಸಿದೆ, ಅಂಥದ್ದನ್ನು ಎಲ್ಲರೂ ಬರೆಯುತ್ತಾರೆ. ಈಗ ನಾನೂ ಅರ್ಜಿಗಳನ್ನು ಓದುವ ಕಡೆ ಕೂರುತ್ತೇನೆ, ಅಜ್ಜಿ ಬಂದ ಕೂಡಲೇ ನನ್ನ ಕಣ್ಣು ಮುಂದಿನ ಸಾಲಿಗೆ ಜಾರುತ್ತೆ, ಪಾಪ ಅಜ್ಜಿ. ಒಂದೇ ಒಂದು ಎಚ್ಚರಿಕೆ, ಪಾಸಾಗಿ ಐದು ವರ್ಷಕ್ಕಿಂತ ಜಾಸ್ತಿ ಆಗಿದ್ದರೆ ತುಂಬಾ ಕಡೆ ಅರ್ಜಿಯನ್ನು ತೆರೆಯುವುದೇ ಇಲ್ಲ. ಹಾಗಾಗಿ ಸುಮ್ನೆ ವರ್ಷ ತಳ್ಳಬೇಡ.

ದುಡ್ಡು. ಸ್ಟೆಪ್ 1, ಸ್ಟೆಪ್ 2 ಒಂದೊಂದಕ್ಕೂ ಸಾವಿರ ಡಾಲರ್ ಮೇಲೆ. ಎರಾಸ್‌ನಲ್ಲಿ 2025ರ ಮ್ಯಾಚ್‌ಗೆ ಇದ್ದ ರೇಟು ಹೇಳುತ್ತೇನೆ, ಮೊದಲ 30 ಪ್ರೋಗ್ರಾಂಗೆ ತಲಾ 11 ಡಾಲರ್, ಅಲ್ಲಿಂದ ಮುಂದೆ ತಲಾ 30. ನೂರು ಕಡೆ ಹಾಕಿದರೆ 2,430 ಡಾಲರ್ ಆಯಿತಲ್ಲ. ಇಲ್ಲಿ ಬಂದು ಎರಡು ಮೂರು ತಿಂಗಳು ಇರುವ ಖರ್ಚು, ವಿಮಾನ, ಬಿ-1/ಬಿ-2 ವೀಸಾಗೆ ಓಡಾಟ ಎಲ್ಲ ಸೇರಿ ನನ್ನ ಅಂದಾಜಿನಲ್ಲಿ ಹತ್ತು ಹನ್ನೆರಡು ಲಕ್ಷ ಇಟ್ಟುಕೋ, ಅದೂ ಒಂದು ಸೀಸನ್ನಿಗೆ. ಒಂದೇ ಒಳ್ಳೆಯ ಸುದ್ದಿ ಅಂದರೆ ಇಂಟರ್ವ್ಯೂಗಳು ಈಗ ಬಹುತೇಕ ಜೂಮ್‌ನಲ್ಲೇ. ಇಲ್ಲಿನ ಪೂರ್ವ ಕರಾವಳಿಯ ಬೆಳಿಗ್ಗೆ ಎಂಟು ಅಂದರೆ ಚಳಿಗಾಲದಲ್ಲಿ ನಿನಗೆ ಸಂಜೆ ಆರೂವರೆ. ಇನ್ವರ್ಟರ್ ಇರುವ ಮನೆ ನೋಡಿಕೋ.

ದುಡ್ಡು ಉಳಿಸುವ ಒಂದು ದಾರಿ ಇದೆ, ತುಂಬಾ ಜನ ಮಾಡುವುದಿಲ್ಲ. ಕುರುಡಾಗಿ ಇನ್ನೂರು ಕಡೆ ಹಾಕುವ ಬದಲು ಒಂದೊಂದು ಪ್ರೋಗ್ರಾಂನ ಪುಟಕ್ಕೂ ಹೋಗಿ ಹಾಲಿ ರೆಸಿಡೆಂಟ್‌ಗಳ ಫೋಟೊ ಸಾಲು ನೋಡು. ದಾವಣಗೆರೆ, ಮಣಿಪಾಲ, ಹೈದರಾಬಾದ್, ಲಾಹೋರ್, ಕಠ್ಮಂಡು ಕಾಲೇಜುಗಳ ಹೆಸರು ಕಂಡರೆ ಅವರು ನಮ್ಮಂಥವರನ್ನು ತೆಗೆದುಕೊಳ್ಳುತ್ತಾರೆ. ಒಬ್ಬರೂ ಇಲ್ಲದಿದ್ದರೆ ಬಿಡು, ನಿನ್ನಿಂದಲೇ ಶುರು ಮಾಡಲಿ ಅಂತ ಆಸೆ ಪಡಬೇಡ.

ಇಂಟರ್ವ್ಯೂ ಆದ ಮೇಲೆ ಮಾರ್ಚ್ ಆರಂಭದ ಹೊತ್ತಿಗೆ ನೀನು ನಿನಗೆ ಇಷ್ಟವಾದ ಕ್ರಮದಲ್ಲಿ ಪ್ರೋಗ್ರಾಂಗಳ ಪಟ್ಟಿ ಕೊಡಬೇಕು, ಅವರೂ ನಿಮ್ಮ ಪಟ್ಟಿ ಕೊಡುತ್ತಾರೆ, ಕಂಪ್ಯೂಟರ್ ಎರಡನ್ನೂ ಹೊಂದಿಸುತ್ತೆ. ಆ ಲೆಕ್ಕವನ್ನು ಈಗಿನ ರೂಪಕ್ಕೆ ತಂದವರಲ್ಲಿ ಆಲ್ವಿನ್ ರಾತ್ ಒಬ್ಬರು, 2012ರಲ್ಲಿ ಅವರಿಗೂ ಲಾಯ್ಡ್ ಶೇಪ್ಲಿಗೂ ಈ ಬಗೆಯ ಕೆಲಸಕ್ಕೇ ಅರ್ಥಶಾಸ್ತ್ರದ ನೊಬೆಲ್ ಬಂತು. ನಿನಗೆ ಬೇಕಾದದ್ದು ಇಷ್ಟೇ: ಲೆಕ್ಕ ಅಭ್ಯರ್ಥಿಯ ಪಟ್ಟಿಯಿಂದ ಶುರುವಾಗುತ್ತೆ, ಹಾಗಾಗಿ ಜಾಣತನ ಮಾಡಬೇಡ. ಇಲ್ಲಿ ಸಿಗುವುದಿಲ್ಲ ಅಂತ ಅದನ್ನು ಕೆಳಗೆ ಹಾಕುವುದು, ಅಲ್ಲಿ ನನ್ನನ್ನು ಇಷ್ಟಪಟ್ಟರು ಅಂತ ಅದನ್ನು ಮೇಲೆ ಹಾಕುವುದು, ನಮ್ಮ ಸಿಇಟಿ ಆಪ್ಷನ್ ಎಂಟ್ರಿ ಕಾಲದಿಂದ ಬಂದ ಚಟ ಇದು. ಮನಸ್ಸಿಗೆ ಮೊದಲು ಬೇಕಾದದ್ದನ್ನೇ ಮೊದಲು ಬರೆ. ಏನೂ ನಷ್ಟವಿಲ್ಲ.

2025ರಲ್ಲಿ ಇಲ್ಲಿನ ಪೌರರಲ್ಲದ ವಿದೇಶಿ ಪದವೀಧರರಲ್ಲಿ 100ಕ್ಕೆ 58 ಜನರಿಗೆ ಮ್ಯಾಚ್ ಆಯಿತು, ಇಲ್ಲಿಯೇ ಎಂಡಿ (ಇಲ್ಲಿ ಅದು ನಮ್ಮ ಎಂಬಿಬಿಎಸ್ ಇದ್ದ ಹಾಗೆ) ಓದುತ್ತಿರುವ ಕೊನೆಯ ವರ್ಷದವರಲ್ಲಿ 93ಕ್ಕೂ ಹೆಚ್ಚು. 58 ಪರವಾಗಿಲ್ಲ ಅನಿಸುತ್ತೆ ಅಲ್ವಾ? ಆದರೆ ಆ ನೂರು ಅಂದರೆ ಪಟ್ಟಿ ಕೊಟ್ಟವರು ಮಾತ್ರ. ಒಂದೂ ಇಂಟರ್ವ್ಯೂ ಬರದೆ ಪಟ್ಟಿಯನ್ನೇ ಕೊಡದವರು ಆ ಲೆಕ್ಕದಲ್ಲಿ ಇಲ್ಲ. ಕೋಚಿಂಗ್‌ನವರು ಈ ಸಂಖ್ಯೆ ತೋರಿಸಿದಾಗ ಇದನ್ನು ಹೇಳುವುದಿಲ್ಲ.

ವೀಸಾ ವಿಷಯಕ್ಕೆ ಬರೋಣ. ಬಹಳ ಜನ ಬರುವುದು ಜೆ-1ರಲ್ಲಿ, ಅಂದರೆ ತರಬೇತಿಗೆ ಬರುವವರ ವೀಸಾದಲ್ಲಿ. ಮುಗಿದ ಮೇಲೆ ಎರಡು ವರ್ಷ ಭಾರತಕ್ಕೆ ವಾಪಸ್ ಹೋಗಬೇಕು, ಇಲ್ಲವೇ ಡಾಕ್ಟರುಗಳ ಕೊರತೆ ಇರುವ ಕಡೆ ಮೂರು ವರ್ಷ ದುಡಿದು ಆ ಷರತ್ತು ಮನ್ನಾ ಮಾಡಿಸಿಕೊಳ್ಳಬೇಕು. ಕಾನ್ರಾಡ್ 30 ಅಂತಾರೆ, ಒಂದು ರಾಜ್ಯಕ್ಕೆ ವರ್ಷಕ್ಕೆ 30 ಜಾಗ. ನಾನು ಹಾಗೇ ಐಯೋವಾದ ಒಂದು ಸಣ್ಣ ಊರಲ್ಲಿ 2019ರಿಂದ ಮೂರು ವರ್ಷ ಇದ್ದೆ, ಸುತ್ತ ಜೋಳದ ಹೊಲ, ಹುಣಸೆಹಣ್ಣು ಬೇಕಂದರೆ ಒಂದೂವರೆ ಗಂಟೆ ಡ್ರೈವ್. ನಿಜ ಹೇಳುತ್ತೇನೆ, ನಾನು ಅತಿ ಹೆಚ್ಚು ಕಲಿತದ್ದು ಅಲ್ಲಿ. ಆದರೆ ರೆಸಿಡೆನ್ಸಿಯ ಮಧ್ಯೆ ತಂಗಿಯ ಮದುವೆಗೆ ಹೋಗಲಿಲ್ಲ, ಹೋದರೆ ಚೆನ್ನೈನಲ್ಲಿ ಮತ್ತೆ ವೀಸಾ ಸ್ಟ್ಯಾಂಪಿಂಗ್ ಆಗಬೇಕಿತ್ತು, ತಡವಾದರೆ ಡ್ಯೂಟಿ ಹೋಗುತ್ತೆ ಅನ್ನುವ ಭಯ. ವಿಡಿಯೊದಲ್ಲಿ ಧಾರೆ ನೋಡಿದೆ, ಮಧ್ಯೆ ಪೇಜರ್ ಕೂಗಿತು. ಕೆಲಸದ ವೀಸಾ ಎಚ್-1ಬಿ ಬೇಕಂದರೆ ಸ್ಟೆಪ್ 3 ಮೊದಲೇ ಪಾಸಾಗಿರಬೇಕು. ಅದರ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಿಂದ ಬರುವವರ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಅಂತ ಘೋಷಣೆ ಬಂತು. ಯಾವ ಸಣ್ಣ ಆಸ್ಪತ್ರೆ ಅಷ್ಟು ಕಟ್ಟುತ್ತೆ ಹೇಳು. ಜೆ-1 ಅಂತಲೇ ಮನಸ್ಸು ಗಟ್ಟಿ ಮಾಡಿಕೋ. ಮದುವೆ ಮಾತುಕತೆ ನಡೀತಿದೆ ಅಂದೆಯಲ್ಲ, ಜೆ-1ರವರ ಕುಟುಂಬಕ್ಕೆ ಕೊಡುವ ಜೆ-2ರಲ್ಲಿ ಬರುವ ಹೆಂಡತಿ ಕೆಲಸದ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಇದನ್ನು ಹುಡುಗಿಯ ಕಡೆಯವರಿಗೆ ಈಗಲೇ ಹೇಳು.

ಈಗ ನಿನ್ನ ಸ್ಕೋರ್. ಇಂಟರ್ನಲ್ ಮೆಡಿಸಿನ್‌ಗೆ 250ರ ಆಸುಪಾಸು ಇದ್ದರೆ ಸ್ಕೋರಿನ ಕಾರಣಕ್ಕೆ ಯಾರೂ ನಿನ್ನನ್ನು ಬದಿಗೆ ಸರಿಸುವುದಿಲ್ಲ. ಫ್ಯಾಮಿಲಿ ಮೆಡಿಸಿನ್, ಪೀಡಿಯಾಟ್ರಿಕ್ಸ್‌ಗೆ ಅದಕ್ಕಿಂತ ಸ್ವಲ್ಪ ಕಡಿಮೆಯಾದರೂ ನಡೆಯುತ್ತೆ. ಆರ್ಥೋ, ಡರ್ಮ ಆಸೆ ಇದ್ದರೆ ನೀಟ್ ಪಿಜಿ ಬರೆ, ದಯವಿಟ್ಟು. ತಯಾರಿ ಇಲ್ಲದೆ ಪರೀಕ್ಷೆಗೆ ಕೂರಬೇಡ, ಫೇಲು ದಾಖಲೆಯಲ್ಲಿ ಉಳಿಯುತ್ತೆ. ರೀಕಾಲ್ ಪ್ರಶ್ನೆ, ಅಂದರೆ ಪರೀಕ್ಷೆ ಬರೆದವರು ನೆನಪಿಟ್ಟು ತಂದ ಪ್ರಶ್ನೆ, ಕೊಡುತ್ತೇವೆ ಅನ್ನುವ ಗ್ರೂಪುಗಳ ಹತ್ತಿರವೂ ಹೋಗಬೇಡ. 2024ರ ಜನವರಿಯಲ್ಲಿ ನೇಪಾಳಕ್ಕೆ ಸಂಬಂಧಿಸಿದ ನೂರಾರು ಜನರ ಸ್ಕೋರನ್ನೇ ಅಮಾನ್ಯ ಮಾಡಿದರು.

ನೀಟ್ ಪಿಜಿ ಬಿಡಲಾ ಅಂದೆ. ಊರಲ್ಲಿ ಎಂಡಿ ಮಾಡಿಕೊಂಡು ಬಂದರೂ ಇಲ್ಲಿ ಸಾಮಾನ್ಯವಾಗಿ ರೆಸಿಡೆನ್ಸಿಯನ್ನು ಮೊದಲ ವರ್ಷದಿಂದ ಮತ್ತೆ ಮಾಡಬೇಕು, ಹಾಗಾಗಿ ಎರಡು ದೋಣಿಯಲ್ಲೂ ಕಾಲಿಡುವ ಲೆಕ್ಕ ಸರಿ ಹೋಗುವುದಿಲ್ಲ. ನಾನಾದರೆ ಎರಡು ಸೀಸನ್ ಅಂತ ಮಿತಿ ಹಾಕಿಕೊಳ್ಳುತ್ತೇನೆ, ಅದನ್ನು ಅಪ್ಪ ಅಮ್ಮನ ಎದುರಿಗೆ ಈಗಲೇ ಹೇಳಿಬಿಡುತ್ತೇನೆ. ಮೂರನೆಯದಕ್ಕೆ ಸಾಲ ಮಾಡಿದವರನ್ನು ಕಂಡಿದ್ದೇನೆ, ಅವರ ಕಥೆ ಬರೆಯಲು ನನಗೆ ಮನಸ್ಸಿಲ್ಲ.

ಕೊನೆಗೆ ಭಾಷೆ. ನಮ್ಮ ಇಂಗ್ಲಿಷ್ ಚೆನ್ನಾಗಿದೆ ಅಂದುಕೊಂಡಿರುತ್ತೇವೆ. ನನ್ನ ಮೊದಲ ಇಂಟರ್ವ್ಯೂನಲ್ಲಿ 2012ರಲ್ಲಿ ಕಾಲೇಜಿನಿಂದ 'ಪಾಸ್ಡ್ ಔಟ್' ಅಂದೆ. ಇಲ್ಲಿ ಹಾಗಂದರೆ ಜ್ಞಾನ ತಪ್ಪಿ ಬಿದ್ದೆ ಅಂತ. ಎದುರಿಗಿದ್ದವರು ಗಾಬರಿಯಿಂದ ಈಗ ಆರಾಮಿದ್ದೀರಾ ಅಂತ ಕೇಳಿದರು. 'ಲೂಸ್ ಮೋಷನ್' ಅಂದರೂ ಅರ್ಥವಾಗುವುದಿಲ್ಲ. ಅಕ್ಟೋಬರ್‌ನಲ್ಲಿ ಮೊದಲ ಇಂಟರ್ವ್ಯೂ ಬಂದ ಕೂಡಲೇ ನನಗೆ ಒಂದು ಮೆಸೇಜ್ ಹಾಕು, ಶನಿವಾರ ನಿನ್ನ ಸಂಜೆ ಹೊತ್ತಿಗೆ ಮಾಕ್ ಇಂಟರ್ವ್ಯೂ ಮಾಡೋಣ, ನಾನು ಆಗ ಕಾಫಿ ಕುಡಿಯುತ್ತಾ ಕೂತಿರುತ್ತೇನೆ. ಪಾಸ್ಡ್ ಔಟ್ ಅಂದರೆ ಅಲ್ಲೇ ನಿಲ್ಲಿಸಿ ಮೊದಲಿಂದ ಶುರು ಮಾಡಿಸುತ್ತೇನೆ.